ಕೂರಲೊಂದು ಕೆಂಪು ನೆಲ

ಮನೆ ಸಿಂಗರಿಸುವ ವಿಚಾರ ಬಂದರೆ ನಮ್ಮ ಜನ ಕತ್ತೆತ್ತಿಯೇ ಯೋಚಿಸುತ್ತಾರೆ. ಸೀಲಿಂಗಿನ ಪಿಒಪಿಗೆ ಎಷ್ಟು ಮಡಿಕೆ, ಅದರೊಳಗೆ ನೀಲಿ ದೀಪವೋ ಹಳದಿ ದೀಪವೋ, ಟಿವಿ ಹಿಂದಿನ ಗೋಡೆಗೆ ಮರದ ಪಟ್ಟಿಯೋ ಕಲ್ಲಿನ ಹಲಗೆಯೋ, ಇದರಲ್ಲೇ ತಿಂಗಳು ಕಳೆಯುತ್ತದೆ. ನೆಲದ ಸರದಿ ಬಂದಾಗ ಮಾತ್ರ ‘ಟೈಲ್ಸ್ ತಾನೇ?’ ಎಂದು ಒಂದು ಕಾಫಿ ಮುಗಿಯುವುದರೊಳಗೆ ಇತ್ಯರ್ಥ ಮಾಡಿ ಏಳುತ್ತಾರೆ. ಸೀಲಿಂಗನ್ನು ನಿಜವಾಗಿ ನೋಡುವವರು ಯಾರು ಹೇಳಿ? ಜ್ವರ ಬಂದು ಮಲಗಿದವರು, ಇಲ್ಲವೇ ಫ್ಯಾನು ಒರೆಸಲು ಸ್ಟೂಲು ಹತ್ತಿದವರು. ಉಳಿದವರೆಲ್ಲ ದಿನವಿಡೀ ತುಳಿಯುವುದು, ಕೂರುವುದು, ಚೆಲ್ಲುವುದು, ಒರೆಸುವುದು ನೆಲವನ್ನೇ.

ನಾವು ಮೈಸೂರಿನಲ್ಲಿ ಮನೆ ಕಟ್ಟಿಸಲು ಹೊರಟಾಗ ಒಳಾಂಗಣ ವಿನ್ಯಾಸದ ಹುಡುಗಿ ಲ್ಯಾಪ್‌ಟಾಪ್ ತೆರೆದು ಚಿತ್ರಗಳನ್ನು ತೋರಿಸಿದಳು. ಎಲ್ಲದರಲ್ಲೂ ಬೂದುಬಣ್ಣದ ದೊಡ್ಡ ಸೋಫಾ, ಸೋಫಾದ ಮೇಲೆ ದಿಂಬು, ಆ ದಿಂಬಿಗೆ ಒರಗಿದ ಇನ್ನೊಂದು ದಿಂಬು. ಒಂದರಲ್ಲೂ ಮನುಷ್ಯರಿರಲಿಲ್ಲ. “ನಿಮ್ಮ ಫ್ಯಾಮಿಲಿ ಹಾಲ್‌ನಲ್ಲಿ ಏನೇನ್ ಮಾಡ್ತೀರಿ ಮೇಡಂ?” ಎಂದು ಕೇಳಿದಳು. ಪ್ರಶ್ನೆ ಒಳ್ಳೆಯದೇ. ಲೆಕ್ಕ ಹಾಕಿದೆ. ಮಗಳು ಬೋರಲು ಮಲಗಿ ಹೋಂವರ್ಕ್ ಬರೆಯುತ್ತಾಳೆ. ನಮ್ಮವರು ಭಾನುವಾರದ ಪೇಪರನ್ನು ಪುರವಣಿ ಸಮೇತ ನಾಲ್ಕು ದಿಕ್ಕಿಗೆ ಹರಡಿ ನಡುವೆ ಕೂರುತ್ತಾರೆ. ನಾನು ಒಗೆದ ಬಟ್ಟೆ ಮಡಿಸುತ್ತೇನೆ. ಅವರೆಕಾಯಿಯ ಕಾಲದಲ್ಲಿ ಎಲ್ಲರೂ ಒಂದೇ ಮೊರದ ಸುತ್ತ. ಇಷ್ಟೂ ನಡೆಯುವುದು ನೆಲದ ಮೇಲೆ. ಬಾಡಿಗೆ ಮನೆಯಲ್ಲಿ ನಮ್ಮಲ್ಲೂ ಒಂದು ಸೋಫಾ ಇತ್ತು. ಮಡಿಸಬೇಕಾದ ಬಟ್ಟೆ ಅದರ ಮೇಲೆ ಕೂತಿರುತ್ತಿತ್ತು.

ನಮ್ಮ ಹಳೆಯ ಮನೆಗಳ ಮುಖ್ಯ ಪೀಠೋಪಕರಣ ನೆಲವೇ ಆಗಿತ್ತು ಎನ್ನುವುದು ನನ್ನ ವಾದ. ಹಾಸನದ ಕಡೆಯ ನಮ್ಮ ಅಜ್ಜಿ ಮನೆಯಲ್ಲಿ ಕುರ್ಚಿ ಅಂತ ಇದ್ದದ್ದು ಎರಡು. ಅವು ಡಾಕ್ಟರೋ ಶಾನುಭೋಗರೋ ಬಂದಾಗ ಧೂಳು ಒರೆಸಿಕೊಂಡು ಹೊರಗೆ ಬರುತ್ತಿದ್ದವು. ಮನೆಯವರಿಗೆಲ್ಲ ಚಾಪೆ, ಮಣೆ, ಜಮಖಾನ. ಬೆಳಿಗ್ಗೆ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರೆ ಮಲಗುವ ಕೋಣೆ ಮಾಯ. ಮಧ್ಯಾಹ್ನ ಎಲೆ ಹಾಕಿದರೆ ಅದೇ ಊಟದ ಮನೆ, ಸಂಜೆ ಹೂ ಕಟ್ಟುವ ಜಾಗ, ಯಾರದಾದರೂ ನಾಮಕರಣ ಬಂದರೆ ಐವತ್ತು ಜನರ ಸಭಾಂಗಣ. ಈಗಿನ ಫ್ಲ್ಯಾಟುಗಳಲ್ಲಿ ಆರು ಕುರ್ಚಿಯ ಡೈನಿಂಗ್ ಟೇಬಲ್ಲು ದಿನದ ಇಪ್ಪತ್ತಮೂರು ಗಂಟೆ ಸುಮ್ಮನೆ ಜಾಗ ಕಾಯ್ದುಕೊಂಡು ನಿಂತಿರುತ್ತದೆ. ಚದರಡಿಗೆ ಇಷ್ಟು ಸಾವಿರ ಎಂದು ಕೊಟ್ಟು ಕೊಂಡ ಜಾಗ!

ಅಜ್ಜಿ ಮನೆಯದು ಕೆಂಪು ಗಾರೆ ನೆಲ, ಗೋಡೆಯ ಬದಿಗೆ ಒಂದು ಗೇಣಗಲದ ಕಪ್ಪು ಅಂಚು. ಆ ಅಂಚಿನ ಮೇಲೆ ಮಾತ್ರ ನಡೆಯಬೇಕು, ಕೆಂಪಿಗೆ ಕಾಲಿಟ್ಟರೆ ಔಟು ಎನ್ನುವುದು ನಮ್ಮ ಆಟ. ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಹಾಕಿ, ಜಗಳವಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕ್ಷಿಯೂ ಇಲ್ಲ. ಬೇಸಿಗೆ ರಜೆಯ ಮಧ್ಯಾಹ್ನ ಚಾಪೆ ಒದ್ದು ಬರಿನೆಲಕ್ಕೆ ಕೆನ್ನೆ ಕೊಟ್ಟು ಮಲಗುತ್ತಿದ್ದೆವು. ಆ ಜಾಗ ಬಿಸಿಯಾದರೆ ಒಂದು ಉರುಳು, ಮತ್ತೆ ತಂಪು.

ಅದಕ್ಕೂ ಹಿಂದೆ ಆ ಮನೆಗಿದ್ದದ್ದು ಸೆಗಣಿ ನೆಲ. ಹಳೆಯದೆಲ್ಲ ಹೊನ್ನು ಎಂದು ಹಾಡುವವರು ಸೆಗಣಿ ನೆಲದ ತಂಪನ್ನು ಹೊಗಳುತ್ತಾರೆ, ಅದನ್ನು ಬಗ್ಗಿ ಸಾರಿಸಿದ ಕೈಗಳ ಸುದ್ದಿ ಎತ್ತುವುದಿಲ್ಲ. ಕಿತ್ತುಬಂದ ಕಡೆ ಮಣ್ಣು ಮೆತ್ತುವುದು, ಹಬ್ಬ ಬಂದರೆ ಇಡೀ ಮನೆ ಸಾರಿಸುವುದು, ಒಣಗುವ ತನಕ ಮಕ್ಕಳನ್ನು ಹೊರಗೆ ಹಿಡಿದಿಡುವುದು ಎಲ್ಲ ಹೆಂಗಸರ ಪಾಲು. ಗಾರೆ ಬಂದ ಮೇಲೆ ಅಜ್ಜಿಗೆ ಸಿಕ್ಕಿದ್ದು ಅಂದಕ್ಕಿಂತ ಹೆಚ್ಚಾಗಿ ಬಿಡುವು. ಆ ಬಿಡುವಿನಲ್ಲೇ ಅವರು ಓದಲು ಕಲಿತರಂತೆ. ಇದನ್ನು ಹೇಳುವಾಗೆಲ್ಲ ತಾತ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಕಲಿಸಿದ್ದು ತಾನು ಎಂಬುದನ್ನೂ ಅಜ್ಜಿ ಸೇರಿಸಲಿ ಅಂತ.

ಗಾರೆಯ ಆ ಕೆಂಪು ಬೇರೇನಲ್ಲ, ಕಬ್ಬಿಣದ ತುಕ್ಕು. ಅಂಗಡಿಯಲ್ಲಿ ರೆಡ್ ಆಕ್ಸೈಡ್ ಎಂದು ಕೇಳಿದರೆ ಪುಡಿ ಕಟ್ಟಿ ಕೊಡುತ್ತಾರೆ. ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿ ಓಡಾಡುವ ದಾರಿಯ ಮರಗಳಿಗೆ ಕೆಂಪು ಬಳಿಯುವ ಹೆಮಟೈಟ್ ಧೂಳಿನಲ್ಲಿರುವುದೂ ಇದೇ ಐರನ್ ಆಕ್ಸೈಡ್. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳಲ್ಲಿ ಶಿಲಾಸಮಾಧಿಗಳ ಆಸುಪಾಸು ಆದಿಕಾಲದವರು ಬರೆದಿಟ್ಟ ಮನುಷ್ಯರು, ಪ್ರಾಣಿಗಳು ಇನ್ನೂ ಕೆಂಪಗಿರುವುದು ಇದೇ ಜಾತಿಯ ಮಣ್ಣಿನಿಂದ. ಸಾಗರದ ಕಡೆ ದೀವರ ಹೆಂಗಸರು ಹಸೆ ಚಿತ್ತಾರಕ್ಕೆ ಗೋಡೆ ಹದ ಮಾಡುವ ಕೆಮ್ಮಣ್ಣು, ಶಿರಸಿಯ ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳ ಕಾವಿ, ಎಲ್ಲ ಒಂದೇ ಬಳಗ. ಆಗಲೇ ತುಕ್ಕಾಗಿರುವುದು ಮತ್ತೆ ತುಕ್ಕು ಹಿಡಿಯುವುದೆಲ್ಲಿ? ಬಿಸಿಲಿಗೆ ಮಾಸದು, ಸುಣ್ಣ ಸಿಮೆಂಟುಗಳ ಕ್ಷಾರಕ್ಕೂ ಜಗ್ಗದು. ನೆಲಕ್ಕೆ ಬೇಕಾದ ಬಣ್ಣ ಇಂಥ ಗಟ್ಟಿಗನೇ.

ಬಣ್ಣ ನಮ್ಮದಾದರೂ ಸಿಮೆಂಟು ಹೊರಗಿನಿಂದ ಬಂದದ್ದು. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸದವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಬಹಳ ಕಾಲ ಅದು ನಮಗೆ ಹಡಗಿನಲ್ಲೇ ಬರುತ್ತಿತ್ತು. ಇಲ್ಲೇ ತಯಾರಿಸುವ ಯತ್ನ 1904ರಲ್ಲಿ ಮದರಾಸಿನಲ್ಲಿ ನಡೆದು ಕೈಕೊಟ್ಟಿತು. 1914ರಲ್ಲಿ ಪೋರಬಂದರಿನಲ್ಲಿ ಕೈಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲೂ ಸಿಮೆಂಟು ಸಲೀಸಾಗಿ ಸಿಗುತ್ತಿರಲಿಲ್ಲ. ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿ, ನಾಲ್ಕು ಮೂಟೆಗೂ ಪರ್ಮಿಟ್ ಹಿಡಿದು ಅಲೆಯಬೇಕು. 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯೊಬ್ಬರು ಸಿಮೆಂಟ್ ಹಂಚಿಕೆಯ ಹಗರಣದಲ್ಲೇ ಕುರ್ಚಿ ಕಳೆದುಕೊಂಡರು. ಮರು ತಿಂಗಳೇ ಹತೋಟಿ ಸ್ವಲ್ಪ ಸಡಿಲಾಯಿತು, 1989ಕ್ಕೆ ಪೂರ್ತಿ ಹೋಯಿತು. ಗಾರೆ ನೆಲದ ಜಾಣತನ ಇರುವುದು ಈ ಬರಗಾಲದಲ್ಲಿ. ತಳಕ್ಕೆ ಸುಣ್ಣ, ಇಟ್ಟಿಗೆ ಜಲ್ಲಿ ಕುಟ್ಟಿ, ಮೇಲೆ ತೆಳ್ಳಗೆ ಕೆಂಪು ಸಿಮೆಂಟು ಎಳೆದರೆ ಮುಗಿಯಿತು. ಬಡ ಸಾಮಗ್ರಿಗೆ ಕೈಚಳಕ ಸೇರಿಸಿ ಮಾಡಿದ ಶ್ರೀಮಂತಿಕೆ ಅದು. ಮಾಡಿನ ಮಂಗಳೂರು ಹೆಂಚಿನ ಬೆನ್ನ ಮೇಲಾದರೂ ಕಾರ್ಖಾನೆಯ ಹೆಸರಿದೆ, ನೆಲ ತಿದ್ದಿದವನ ಹೆಸರು ಎಲ್ಲೂ ಇಲ್ಲ.

ನಮ್ಮ ಹೊಸ ಮನೆಯ ಹಾಲಿಗೆ ಕೆಂಪು ಗಾರೆ ಎಂದಾಗ ಮೊದಲು ನಕ್ಕವರು ಮೇಸ್ತ್ರಿ. “ರೆಡಾಕ್ಸೈಡಾ? ಏನಮ್ಮಾವ್ರೇ, ಈಗ ದನದ ಕೊಟ್ಟಿಗೆಗೂ ಟೈಲ್ಸ್ ಕೇಳ್ತಾರೆ!” ಆಮೇಲೆ ಅವರೇ ತಲೆ ಕೆರೆದುಕೊಂಡು, ತಮ್ಮ ತಂದೆ ಅಗ್ರಹಾರದ ಕಡೆ ಎಷ್ಟೋ ಮನೆಗೆ ಹಾಕಿದ್ದರೆಂದೂ ತಾವು ಆಗ ಪಕ್ಕದಲ್ಲಿ ಬಣ್ಣ ಜರಡಿ ಹಿಡಿಯುತ್ತಿದ್ದುದೆಂದೂ ಹೇಳಿದರು. ಕೈ ಮರೆತಿದೆಯೋ ಇಲ್ಲವೋ ನೋಡಿಕೊಳ್ಳಲು ಮೊದಲು ಸ್ಟೋರ್ ರೂಮಿನಲ್ಲಿ ಹಾಕಿದರು. ನನ್ನ ಅಕ್ಕಿ ಡಬ್ಬಗಳು ಈಗ ಆ ರಿಹರ್ಸಲ್ಲಿನ ಮೇಲೆ ನಿಂತಿವೆ.

ಆ ಕೆಲಸ ನೋಡುವುದೇ ಒಂದು ಸೊಗಸು. ಇಡೀ ಕೋಣೆಗೆ ಬೇಕಾದ ಸಿಮೆಂಟು, ಬಣ್ಣವನ್ನು ಒಂದೇ ಸಲ ಒಣಗಿದ್ದಾಗಲೇ ಬೆರೆಸಿ ಜರಡಿ ಹಿಡಿಯಬೇಕು. ಎರಡು ಸಲ ಕಲಸಿದರೆ ಎರಡು ಕೆಂಪು. ಕೆಳಗಿನ ಗಾರೆ ಹಸಿ ಇರುವಾಗಲೇ ಬಣ್ಣದ ಪದರ ಬೀಳಬೇಕು. ಒಂದು ಗೋಡೆಯಿಂದ ಶುರು ಮಾಡಿದರೆ ಬಾಗಿಲ ತನಕ ನಿಲ್ಲಿಸುವಂತಿಲ್ಲ. ನಡುವೆ ಊಟಕ್ಕೆದ್ದರೆ ಊಟಕ್ಕೆದ್ದ ಗೆರೆ ನೂರು ವರ್ಷ ಕಾಣುತ್ತದೆ. ಆಮೇಲೆ ಕರಣೆಯ ಕೆಲಸ. ಬೇಗ ಉಜ್ಜಿದರೆ ನೀರು ಮೇಲೆದ್ದು ಬಣ್ಣ ಬಿಳಿಚಿಕೊಳ್ಳುತ್ತದೆ, ತಡವಾದರೆ ಗೀರು ಉಳಿಯುತ್ತದೆ. ಮೇಸ್ತ್ರಿ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೆರಳ ತುದಿಯಿಂದ ಮುಟ್ಟಿ ನೋಡಿ, ಹದ ಬಂತು ಅನ್ನಿಸಿದ ಮೇಲೇ ಕೈ ಹಾಕುತ್ತಿದ್ದರು. ಫೋನು ಹೊಡೆದುಕೊಂಡರೆ ಸಹಾಯಕ ಹುಡುಗ ಅದನ್ನು ಅವರ ಕಿವಿಗೆ ಹಿಡಿಯಬೇಕು. ಕೊನೆಗೆ ಮಣ್ಣಿನ ಬದು ಕಟ್ಟಿ ವಾರಕ್ಕೂ ಹೆಚ್ಚು ಕಾಲ ನೀರು ನಿಲ್ಲಿಸಿದ್ದಾಯಿತು. ಧಾರವಾಡದ ನಮ್ಮ ಅತ್ತೆ ಬಾಗಿಲಲ್ಲಿ ನಿಂತು, “ಮನಿ ಕಟ್ಟಸಾಕತ್ತೀರೋ, ಕೆರಿ ಕಟ್ಟಸಾಕತ್ತೀರೋ?” ಅಂದರು.

ಅತ್ತೆಯ ತವರಿನಲ್ಲಿ ಶಹಾಬಾದ ಫರಸಿ. ಕಲ್ಲು ಹಾಸುವುದು ಬಿಟ್ಟು ಬಣ್ಣ ಬಳಿಯುವುದೇನು ಎಂದು ಅವರ ತಕರಾರು. ಕಲಬುರಗಿ ಸೀಮೆಯ ಆ ಫರಸಿ ಸುಣ್ಣದ ಕಲ್ಲು. ಅದೇ ಸೀಮೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಸುಣ್ಣದ ಕಲ್ಲನ್ನೇ. ಹಾಗಾಗಿ ಬೀಗರ ನೆಲಗಳಿಗೆ ಬೇರು ಒಂದೇ ಎಂದು ವಾದಿಸಿದೆ. “ಮಾತಿನಾಗ ನಿನ್ನ ಗೆಲ್ಲಾಕಾಗಂಗಿಲ್ಲ ಬಿಡವಾ” ಎಂದು ಬಿಟ್ಟುಕೊಟ್ಟರು. ಆದರೆ ಇನ್ನೊಂದು ವಿಷಯದಲ್ಲಿ ಅವರೇ ಸರಿ. ಮೊಣಕಾಲಿನ ಆಪರೇಷನ್ ಆದ ಮೇಲೆ ಅವರು ನೆಲಕ್ಕೆ ಕೂರುವಂತಿಲ್ಲ. ನೆಲದ ಮಹಿಮೆ ಹಾಡುವ ಭರದಲ್ಲಿ ಮನೆಯ ಹಿರಿಯರನ್ನು ನಿಲ್ಲಿಸಿಡಲಾಗುತ್ತದೆಯೇ? ಕಿಟಕಿಯ ಪಕ್ಕ ಅವರ ಮೊಣಕಾಲ ಅಳತೆಗೆ ಒಂದು ದಿವಾನ ಮಾಡಿಸಿದೆವು, ಏಳಲು ಹಿಡಿದುಕೊಳ್ಳಲು ಬದಿಗೊಂದು ಗಟ್ಟಿ ಕೈ, ಕೆಳಗೆ ಹಾಸಿಗೆ ತುರುಕುವ ಡ್ರಾಯರು. ಕೋಣೆಯಲ್ಲಿ ಎತ್ತರದ ಸಾಮಾನು ಅದೊಂದೇ. ಉಳಿದವರು ಅವರ ಕಾಲ ಬುಡದಲ್ಲಿ. ಸಿಂಹಾಸನದ ಏರ್ಪಾಡು ಅವರಿಗೆ ಒಪ್ಪಿಗೆಯಾಗಿದೆ.

ಚಳಿಗಾಲಕ್ಕೆ ಅತ್ತೆ ತಂದ ನವಲಗುಂದದ ಜಮಖಾನ ಹಾಸುತ್ತೇವೆ. ವಿಜಯಪುರದ ಆದಿಲ್‌ಶಾಹಿ ಕಾಲದ ನೇಕಾರ ಮನೆತನಗಳು ನವಲಗುಂದಕ್ಕೆ ಬಂದು ನೆಲೆಸಿದವೆಂದು ಹೇಳುತ್ತಾರೆ. ಅಲ್ಲಿ ಮಗ್ಗಕ್ಕೆ ಕೂರುವವರು ಹೆಂಗಸರು. ಚೌಕಾಬಾರದ ಮನೆ, ನವಿಲು ಅದರ ವಿನ್ಯಾಸಗಳಲ್ಲಿ ಬರುತ್ತವೆ; ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಕೆಂಪು ನೆಲ, ಸುಣ್ಣದ ಬಿಳಿ ಗೋಡೆ, ಈ ಜಮಖಾನ, ಮೂಲೆಯಲ್ಲೊಂದು ಹಿತ್ತಾಳೆ ಕೊಳಗದಲ್ಲಿ ಮನಿಪ್ಲಾಂಟು. ವಿನ್ಯಾಸದ ಹುಡುಗಿ ಬಂದು ಫೋಟೊ ತೆಗೆದುಕೊಂಡು ಹೋದಳು. ತೆಗೆಯುವ ಮುಂಚೆ ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿದಳು.

ಟೈಲ್ಸನ್ನು ನಾನು ಬೈಯುವುದಿಲ್ಲ. ಗುಜರಾತಿನ ಮೋರ್ಬಿಯಿಂದ ಪೆಟ್ಟಿಗೆಯಲ್ಲಿ ಬರುವ ವಿಟ್ರಿಫೈಡ್ ನೀರು ಕುಡಿಯದು, ಕಲೆ ಹಿಡಿಯದು, ವಾರದಲ್ಲಿ ಮನೆ ತುಂಬುತ್ತದೆ. ಅಡುಗೆಮನೆಗೂ ಬಚ್ಚಲಿಗೂ ನಾವು ಹಾಕಿಸಿದ್ದು ಟೈಲ್ಸೇ, ಬಚ್ಚಲಿಗೆ ಕಾಲು ಜಾರದ ಒರಟು ಜಾತಿ. ಗಾರೆಗೆ ಹುಳಿ ಆಗದು. ನಿಂಬೆರಸವೋ ಹುಣಸೆ ನೀರೋ ಬಿದ್ದು ಹಾಗೇ ಉಳಿದರೆ ಸಿಮೆಂಟನ್ನು ತಿಂದು ಬಿಳಿ ಮಚ್ಚೆ ಮಾಡುತ್ತದೆ. ಸಾರು ಮಾಡುವ ಜಾಗಕ್ಕೆ ಅಂಥ ನೆಲ ಹಾಕಿಸಿ ದಿನಾ ಎದೆ ಹೊಡೆದುಕೊಳ್ಳುವುದರಲ್ಲಿ ಏನು ಚೆಂದ? ಹಾಲಿನಲ್ಲೂ ಆಗಲೇ ಒಂದು ಸಣ್ಣ ಬಿರುಕು ಮೂಡಿದೆ. ಒಣಗುವಾಗ ಸಿಮೆಂಟು ಕುಗ್ಗುತ್ತದೆ, ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ. ಗಾಜಿನ ಪಟ್ಟಿ ಕೂರಿಸಿ ಚೌಕ ಮಾಡಿ ಬಿಡೋಣ ಎಂದು ಮೇಸ್ತ್ರಿ ಹೇಳಿದ್ದರು. ಅಖಂಡ ಕೆಂಪೇ ಇರಲಿ ಎಂದದ್ದು ನಾವು. ಮಗಳು ಆ ಬಿರುಕಿಗೆ ಕಾವೇರಿ ಎಂದು ಹೆಸರಿಟ್ಟು, ಅದು ಕವಲೊಡೆದ ಕಡೆ ಸೀಮೆಸುಣ್ಣದಲ್ಲಿ ಶ್ರೀರಂಗಪಟ್ಟಣ ಬರೆದಿದ್ದಾಳೆ.

ನೆಂಟರಲ್ಲಿ ಎರಡು ಪಂಗಡ. ಬೆಂಗಳೂರಿನ ಎಳೆಯರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ‘ವಾವ್’ ಅನ್ನುತ್ತಾರೆ. ಇಂಥ ನೆಲದಲ್ಲೇ ಹುಟ್ಟಿ ಬೆಳೆದು, ಕಷ್ಟಪಟ್ಟು ಗ್ರಾನೈಟಿಗೆ ಏರಿದ ಹಿರಿಯರು ಮಾತ್ರ ಗಾಬರಿಯಾಗುತ್ತಾರೆ. ಗೃಹಪ್ರವೇಶದ ದಿನ ನಮ್ಮ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, “ಟೈಲ್ಸಿಗೆ ದುಡ್ಡು ಸಾಲದಿದ್ರೆ ನನ್ನ ಕೇಳ್ಬಾರ್ದಿತ್ತೇನಮ್ಮ?” ಎಂದರು. ಅದೇ ಚಿಕ್ಕಪ್ಪ ಯುಗಾದಿಗೆ ಬಂದು, ಹೋಳಿಗೆ ಊಟ ಮಾಡಿ, ಪಂಚೆ ಸಡಿಲಿಸಿ ಬರಿನೆಲಕ್ಕೆ ಅಡ್ಡಾದವರು ಐದು ಗಂಟೆಗೆ ಕಾಫಿಯ ವಾಸನೆಗೇ ಎದ್ದದ್ದು. ಲೋಟ ಹಿಡಿದುಕೊಂಡು ಅಂಗೈಯಲ್ಲಿ ನೆಲ ಸವರುತ್ತಾ ಆ ಮೇಸ್ತ್ರಿಯ ನಂಬರು ಕೇಳಿದರು. ನಾನು ಅಲ್ಲೇ ಫೋನು ಹಚ್ಚಿ ವಿಷಯ ಹೇಳಿದೆ.

“ಬರ್ತೀನಿ ಅಮ್ಮಾವ್ರೇ,” ಎಂದರು ಮೇಸ್ತ್ರಿ. “ಆದ್ರೆ ಅವರ ಗ್ರಾನೈಟು ಕೀಳೋ ಖರ್ಚು ಬೇರೆ ಆಯ್ತದೆ. ಮತ್ತೆ ನನ್ನ ಮಂಡಿನೂ ಮೊದಲಿನಂಗಿಲ್ಲ, ಇಬ್ರು ಹುಡುಗ್ರ ಕೂಲಿ ಸೇರಿಸ್ಕೊಂಡೇ ರೇಟು ಹೇಳೋದು. ಅವರಿಗೆ ಈಗಲೇ ತಿಳಿಸ್ಬಿಡಿ.”