ಶಾಸ್ತ್ರದಾನ ಮತ್ತು ಲಿಪಿಕಾರನ ಕೂಲಿ

ಆಹಾರ, ಅಭಯ, ಭೈಷಜ್ಯಗಳ ಸಾಲಿನಲ್ಲಿ ಶಾಸ್ತ್ರವನ್ನೂ ಇರಿಸಿ ಚತುರ್ವಿಧ ದಾನವೆಂದು ಕರೆದದ್ದು ಜೈನ ಪರಂಪರೆಯ ಹಿರಿಮೆ. ಈ ಮಾತು ಬಂದಾಗಲೆಲ್ಲ ನಾವು ಅತ್ತಿಮಬ್ಬೆಯನ್ನು ನೆನೆಯುತ್ತೇವೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳು, ರನ್ನನ ಅಜಿತಪುರಾಣಕ್ಕೆ (ಕ್ರಿ.ಶ. 993) ಆಶ್ರಯವಿತ್ತ ದಾನಚಿಂತಾಮಣಿ. ಸರಿ, ಆ 1000 ಪ್ರತಿಗಳನ್ನು ಕುಳಿತು ಬರೆದವರಾರು? ಒಂದು ಪ್ರತಿಗೆ ಒಂದೇ ತಿಂಗಳು ಹಿಡಿದೀತೆಂದು ಇಟ್ಟುಕೊಂಡರೂ ಅದು ಒಬ್ಬ ಲಿಪಿಕಾರನ 83 ವರ್ಷಗಳ ದುಡಿಮೆ. ಅವರ ಹೆಸರುಗಳು ನಮಗೆ ಉಳಿದು ಬಂದಿಲ್ಲ. ಅವರಿಗೆ ಸಂದದ್ದೇನು ಎಂಬುದನ್ನು ಯಾವ ಪಾಠಪುಸ್ತಕವೂ ಕೇಳಿದಂತಿಲ್ಲ. ನನ್ನಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿದ್ದು ಬಾರದೆ ಉಳಿದ ಒಂದು ಸಂಭಾವನೆ.

ರಾಣೆಬೆನ್ನೂರು ತಾಲ್ಲೂಕಿನ ಐರಣಿಯಲ್ಲಿ, ತುಂಗಭದ್ರೆಯ ದಡದಲ್ಲಿ, ಯಾವ ಸಂಸ್ಥೆಯ ಸಂಬಳಕ್ಕೂ ಒಳಪಡದೆ ಬದುಕುತ್ತಿರುವವನು ನಾನು. ತಾಳೆಗರಿಗಳ ಲಿಪ್ಯಂತರ, ಹಳಗನ್ನಡ ಕಾವ್ಯಗಳ ಗದ್ಯಾನುವಾದ, ಕರಡು ತಿದ್ದುವುದು ಇವೇ ನನ್ನ ವೃತ್ತಿ. ಹೆಸರು ಹೇಳಲೊಲ್ಲದ ಒಂದು ಸಂಸ್ಥೆಯವರು ಒಂದು ಚಂಪೂ ಕಾವ್ಯದ ಗರಿಗಳ ಛಾಯಾಚಿತ್ರಗಳನ್ನು ಕಳುಹಿಸಿ ಲಿಪ್ಯಂತರವನ್ನೂ ಹೊಸಗನ್ನಡ ಗದ್ಯಾನುವಾದವನ್ನೂ ಮಾಡಿಕೊಡಲು ಕೇಳಿದರು. ಪುಟವೊಂದಕ್ಕೆ ಇಂತಿಷ್ಟೆಂದು ಅವರೇ ದರ ನಿಗದಿ ಮಾಡಿದರು. 14 ತಿಂಗಳ ಕೆಲಸ. ಎರಡು ಕಡೆ ಗರಿ ಮುರಿದಿತ್ತು, ಒಂದು ಕಡೆ ಲಿಪಿಕಾರನೇ ಸಾಲೊಂದನ್ನು ಹಾರಿಸಿದ್ದ. ಆ ಮೂರು ಪದ್ಯಗಳಿಗೇ ಒಂದು ಮಳೆಗಾಲ ಹೋಯಿತು. ಕಡತವನ್ನು ಇ-ಮೇಲ್‌ನಲ್ಲಿ ಕಳುಹಿಸಿದ ಮೇಲೆ ಮೌನ. ಮೂರು ಬಾರಿ ಪತ್ರ ಬರೆದ ಬಳಿಕ ಫೋನು ಬಂದಿತು: "ಪಂಡಿತರೇ, ಇದು ಜಿನವಾಣಿಯ ಸೇವೆ. ತಮ್ಮಂಥವರು ಲೆಕ್ಕ ಕೇಳಬಾರದು. ಪುಣ್ಯದಲ್ಲಿ ತಮಗೂ ಪಾಲಿದೆ. ಬಿಡುಗಡೆಯ ದಿನ ಬನ್ನಿ, ಶಾಲು ಹೊದಿಸುತ್ತೇವೆ." ಮುದ್ರಕನಿಗೆ ಹಣ ಸಂದಿತ್ತು. ರಟ್ಟು ಕಟ್ಟಿದವನಿಗೂ, ಸಮಾರಂಭದ ಶಾಮಿಯಾನದವನಿಗೂ ಸಂದಿತ್ತು. ಪುಣ್ಯದ ರೂಪದಲ್ಲಿ ಸಂಭಾವನೆ ಪಡೆಯಬೇಕಾದವನು ನಾನೊಬ್ಬನೇ. ಕಂಬಳಿಗೆ ಹೆಸರಾಗಿದ್ದ ಊರಿನವನಿಗೆ ಶಾಲಿನ ಆಸೆ ಬೇರೆ!

ಕಂಬಳಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನೇಯ್ದವನು ಹಣ ಎಣಿಸಿಕೊಳ್ಳುವವರೆಗೆ ಕಂಬಳಿಯನ್ನು ಹೆಗಲ ಮೇಲೆಯೇ ಇಟ್ಟುಕೊಳ್ಳಬಹುದು. ಚೌಕಾಸಿ ಮುರಿದರೆ ಅದೇ ಕಂಬಳಿಯನ್ನು ಮುಂದಿನ ಸಂತೆಗೆ ಒಯ್ಯಬಹುದು. ಅಕ್ಷರದ ಕೆಲಸದವನಿಗೆ ಈ ಅನುಕೂಲವಿಲ್ಲ. ಒಬ್ಬರಿಗಾಗಿ ಮಾಡಿದ ಲಿಪ್ಯಂತರವನ್ನು ಕೊಳ್ಳುವ ಇನ್ನೊಬ್ಬ ಗಿರಾಕಿ ಇರುವುದೇ ಇಲ್ಲವೆನ್ನಬೇಕು. ಪ್ರತಿಯೊಂದನ್ನು ಕೈಯಲ್ಲಿ ಉಳಿಸಿಕೊಂಡು ಗಿರಾಕಿಯನ್ನು ಅರಸಿ ಹೊರಟ ಲಿಪಿಕಾರನೊಬ್ಬನ ಕಥೆ ಮಾತ್ರ ನಮ್ಮ ಸಾಹಿತ್ಯಚರಿತ್ರೆಯಲ್ಲಿದೆ, ಅದೂ ಮೂಡುಬಿದಿರೆಯಲ್ಲಿ.

ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳಿಂದ ಪೂಜೆಗೊಳ್ಳುತ್ತಿದ್ದ ಧವಲ, ಜಯಧವಲ, ಮಹಾಧವಲಗಳ ಹಳಗನ್ನಡ ಲಿಪಿಯ ತಾಳೆಗರಿಗಳನ್ನು ಪ್ರತಿ ಮಾಡಿಸುವ ಕಾರ್ಯ 1896ರ ಸುಮಾರಿಗೆ ಆರಂಭವಾಯಿತು. ಮುಂಬಯಿಯ ಸೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಇದರ ಹಿಂದಿದ್ದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ನಿಯುಕ್ತರಾದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು, ಉಪಾಧ್ಯಾಯರು ಮುಂದುವರಿಸಿದರು. ಎಲ್ಲವೂ ಮುಗಿದದ್ದು 1922ರಲ್ಲಿ. ನಾಗರಿ ಪ್ರತಿ ಸಿದ್ಧವಾಗುತ್ತಿದ್ದಾಗಲೇ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದನ್ನು ಕೊಳ್ಳಬೇಕೆಂದು ಇಬ್ಬರೂ ಸೇಠರನ್ನು ಕೇಳಿದರು. ಮೂಡುಬಿದಿರೆಯವರಿಗೆ ಕೊಟ್ಟ ಮಾತು ಮುರಿಯುತ್ತದೆಂದು ಇಬ್ಬರೂ ಒಲ್ಲೆನೆಂದರು. ಕೊನೆಗೆ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಪಡೆದು ತಮ್ಮ ಬಸದಿಯಲ್ಲಿರಿಸಿದರು. ಅಲ್ಲಿ ಅದನ್ನು ನಾಗರಿಗೆ ತಂದ ಸೀತಾರಾಮ ಶಾಸ್ತ್ರಿಗಳೂ ಒಂದು ಪ್ರತಿಯನ್ನು ತಮ್ಮಲ್ಲಿ ಉಳಿಸಿಕೊಂಡರು. ಅದರಿಂದಲೇ ಉತ್ತರದ ಭಂಡಾರಗಳಿಗೆ ಪ್ರತಿಗಳು ಹರಡಿದವು. 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನರು ಷಟ್ಖಂಡಾಗಮದ ಮೊದಲ ಸಂಪುಟವನ್ನು ಅಚ್ಚಿಗೆ ತಂದದ್ದು ಈ ಸಂತತಿಯ ಪ್ರತಿಗಳ ಆಧಾರದಿಂದ. ಅವರೇ ಪ್ರಸ್ತಾವನೆಯಲ್ಲಿ ಈ ಕಥೆಯನ್ನು ಬಿಚ್ಚಿಟ್ಟಿದ್ದಾರೆ.

ಗಜಪತಿ ಉಪಾಧ್ಯಾಯರು ಶ್ರುತೋದ್ಧಾರಕರೋ ವಿಶ್ವಾಸಭಂಗ ಮಾಡಿದವರೋ ಎಂಬ ವಾದ ವಿದ್ವಾಂಸರ ಮಾತುಕತೆಯಲ್ಲಿ ಇನ್ನೂ ನಡೆಯುತ್ತದೆ. ಮೂಡುಬಿದಿರೆಯವರಿಗೆ ಅಸಮಾಧಾನವಾದುದು ಸಹಜ, ಸೇಠರ ನಿರಾಕರಣೆಯಲ್ಲೂ ಮರ್ಯಾದೆಯಿದೆ. ನನ್ನ ಕುತೂಹಲ ಬೇರೆಡೆಗಿದೆ. ಕೂಲಿಯ ಕೆಲಸ ಮುಗಿದ ಮೇಲೆ ತಮ್ಮದೇ ಒಂದು ಸಾಲು ಬರೆಯಲು ದಂಪತಿಗಳು ಎಷ್ಟು ರಾತ್ರಿ ದೀಪ ಉರಿಸಿರಬೇಕು! ಅವರ ಕೈಯಲ್ಲಿ ಬೆಲೆ ಕೇಳಬಹುದಾದ ಒಂದು ವಸ್ತು ಉಳಿದದ್ದು ಆ ಹೆಚ್ಚಿನ ದುಡಿಮೆಯಿಂದ.

ಇಷ್ಟಾದರೂ ದಾನಿಯ ಹೆಸರು ದಾನಿಯದೇ. ಮಹಾಬಂಧದ ಪ್ರತಿಯನ್ನು ಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದ ಮಲ್ಲಿಕಬ್ಬೆಯನ್ನು ಪ್ರಶಸ್ತಿ ಕೊಂಡಾಡುತ್ತದೆ. ಕೊಂಡಾಡಬೇಕಾದದ್ದೇ. ಬರೆದವರಾದರೋ ಗರಿಯ ಕೊನೆಯಲ್ಲಿ ಬೆನ್ನು ಬಾಗಿತು, ಕಣ್ಣು ಮಂಜಾಯಿತು, ಎಣ್ಣೆ ನೀರುಗಳಿಂದ ಈ ಹೊತ್ತಗೆಯನ್ನು ಕಾಪಾಡಿ ಎಂದು ಬೇಡಿಕೊಳ್ಳುತ್ತಾರೆ. ನಾನು ಓದಿದ ಗರಿಗಳಲ್ಲಿ ಕೂಲಿಯ ಮಾತು ಎದುರಾಗಿಲ್ಲ. ಆದರೆ ಶಾಸ್ತ್ರದಾನದಲ್ಲಿ ದಾನಿ ತನ್ನ ಗಂಟಿನಿಂದ ಕಳೆಯುವುದು ಗರಿಯ ಬೆಲೆ ಮತ್ತು ಬರೆದವನ ಕೂಲಿ, ಇವೆರಡನ್ನೇ. ಕೂಲಿ ಸಲ್ಲದೆ ಉಳಿದರೆ ಆ ಮಟ್ಟಿಗೆ ದಾನ ಮಾಡಿದವನು ಲಿಪಿಕಾರನೇ ಆಗುತ್ತಾನೆ. ಪ್ರಶಸ್ತಿಯಲ್ಲಿರುವ ಹೆಸರು ತಪ್ಪು.

ಶಾಸ್ತ್ರವೇನು ಹೇಳುತ್ತದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದೆ. ಸತ್ಯವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒಬ್ಬನು ನಂಬಿ ಇಟ್ಟ ಹೊನ್ನಿನ ಲೆಕ್ಕ ಮರೆತು ಕಡಿಮೆ ಕೇಳಿದಾಗ 'ಹೌದು, ಅಷ್ಟೇ' ಎಂದುಬಿಡುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೀಗೆ ವಿವರಿಸುತ್ತಾರೆ. ಗಮನಿಸಬೇಕಾದ ಸಂಗತಿ, ಸೂತ್ರಕಾರರು ಇದನ್ನು ಅಚೌರ್ಯದಡಿ ಇಡದೆ ಸತ್ಯದಡಿ ಇಟ್ಟಿದ್ದಾರೆ. 14 ತಿಂಗಳ ದುಡಿಮೆಯನ್ನು ನಂಬಿ ಒಪ್ಪಿಸಿದವನ ಎದುರು 'ಅದು ಸೇವೆಯಲ್ಲವೇ' ಎನ್ನುವುದೂ ಮಾತಿನಿಂದಲೇ ನಡೆಯುವ ಅಪಹಾರ. ಅಹಿಂಸಾವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವಿದೆ. ವ್ಯಾಖ್ಯಾನಕಾರರು ಅಲ್ಲಿ ಹೇಳುವುದು ಗೋವು ಮೊದಲಾದವುಗಳನ್ನು. ಆ 'ಮೊದಲಾದ' ಎಂಬಲ್ಲಿ ಲಿಪ್ಯಂತರಕಾರನಿಗೂ ಒಂದು ಗೂಟ ದೊರೆಯಬಹುದೆಂದು ನನ್ನ ಆಸೆ.

ಈ ಸೂತ್ರಗಳನ್ನು ಆ ಸಂಸ್ಥೆಯವರು ನನಗಿಂತ ಚೆನ್ನಾಗಿ ಬಲ್ಲರು. ಆದುದರಿಂದ ಬೇರೆ ಸೂತ್ರಗಳನ್ನು ನೋಡಬೇಕಾಯಿತು. ಹೀಗೆ ಬಿಡಿಯಾಗಿ ಕೆಲಸ ಹಿಡಿಯುವ ಸಂಶೋಧನಾ ವಿದ್ಯಾರ್ಥಿಗಳು ಈಗ ಬಹಳವಿರುವುದರಿಂದ ಇಲ್ಲಿ ದಾಖಲಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೌಕರನಲ್ಲದವನು ಮಾಡಿದ ಅನುವಾದದ ಮೊದಲ ಹಕ್ಕುದಾರ ಅನುವಾದಕನೇ. ಸಹಿ ಮಾಡಿದ ಬರಹವಿಲ್ಲದೆ ಆ ಹಕ್ಕು ಇನ್ನೊಬ್ಬರಿಗೆ ವರ್ಗವಾಗದು. ಬರಿಯ ಲಿಪ್ಯಂತರಕ್ಕೆ ಈ ರಕ್ಷಣೆ ಅನುಮಾನ, ಗದ್ಯಾನುವಾದಕ್ಕೆ ಖಚಿತ. ಸಣ್ಣ ಉದ್ದಿಮೆಗಳ 2006ರ ಕಾಯಿದೆಯಡಿ ಕೆಲಸಕ್ಕೆ ಮೊದಲೇ ನೋಂದಣಿ ಮಾಡಿಸಿಕೊಂಡವರಿಗೆ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ದರ ತಿಳಿಸಿದ ಅವರ ಒಂದು ಇ-ಮೇಲ್ ನನ್ನ ಬಳಿ ಇತ್ತು.

ಅನುವಾದದ ಹಕ್ಕು ನನ್ನಲ್ಲೇ ಇದೆಯೆಂದು ಎರಡು ಸಾಲಿನ ಪತ್ರ ಬರೆದೆ. ವಾರದೊಳಗೆ ಫೋನು ಬಂದಿತು. ಈ ಸಲ ಪುಣ್ಯದ ಪ್ರಸ್ತಾಪವಿರಲಿಲ್ಲ, ಬ್ಯಾಂಕ್ ಖಾತೆಯ ಸಂಖ್ಯೆ ಕೇಳಿದರು. ಅರ್ಧ ಮೊತ್ತ ಬಂದಿದೆ. ಈಗ ಎರಡನೆಯ ಮುದ್ರಣಕ್ಕೆ ಲಿಖಿತ ಅನುಮತಿ ಬೇಡಿದ್ದಾರೆ. ಪುಸ್ತಕದ ಮೊದಲಲ್ಲಿ ಶಾಸ್ತ್ರದಾನಿಗಳ ಪಟ್ಟಿಯೊಂದಿದೆ, ಪ್ರತಿ ಹೆಸರಿನ ಎದುರು ಮೊತ್ತವನ್ನು ಅಚ್ಚು ಮಾಡಿದ್ದಾರೆ. ಉಳಿದರ್ಧವನ್ನು ಕಳುಹಿಸಬೇಕು, ಇಲ್ಲವೇ ಅಷ್ಟು ಮೊತ್ತವನ್ನು ಆ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ಮುದ್ರಿಸಬೇಕೆಂದು ಉತ್ತರಿಸಿದ್ದೇನೆ. ಅವರ ಮಾರುತ್ತರ ಇನ್ನೂ ಬಂದಿಲ್ಲ.