ಉಳಿದ ಆರು ದಿನ

ಸಭಾಪಾಲಕರಿಗೆ ವಾರಕ್ಕೆ ಒಂದೇ ದಿನ ಕೆಲಸವೆಂದು ಸಂಘದ ಗೆಳೆಯರು ಆಗಾಗ ಚೇಷ್ಟೆ ಮಾಡುವುದುಂಟು. ನಾವೂ ನಗುತ್ತೇವೆ. ಆದರೆ ಉಳಿದ ಆರು ದಿನಗಳ ಸಂಗತಿಯನ್ನೂ ಒಮ್ಮೆ ಹೇಳಬೇಕೆನಿಸಿದೆ. ಇಲ್ಲಿ ‘ನಾವು’ ಎಂದರೆ ಪಾಲಕರು ಮತ್ತು ಅವರ ಹೆಂಡತಿ. ಸಂಬಳ ಒಬ್ಬರಿಗೆ, ಕೆಲಸ ಇಬ್ಬರಿಗೆ.

ನಮ್ಮದು ಸಣ್ಣ ಕನ್ನಡ ಸಭೆ. ಮಂಗಳೂರು-ಉಡುಪಿಯವರು, ಧಾರವಾಡ ಮತ್ತು ಗದಗ-ಬೆಟಗೇರಿಯವರು, ಬೀದರ ಕಡೆಯವರು ಎಲ್ಲ ಸೇರಿ ನಲವತ್ತು ಮನೆಗಳು. ಈ ನಲವತ್ತು ಮನೆಗಳು ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಲ್, ಪನ್ವೇಲ್ ತನಕ ಚೆದರಿಕೊಂಡಿವೆ. ಸ್ವಂತ ಕಟ್ಟಡವಿಲ್ಲ. ಬೇರೊಂದು ಭಾಷೆಯವರ ಆರಾಧನೆ ಮುಗಿದ ಮೇಲೆ ಅದೇ ದೇವಾಲಯದಲ್ಲಿ ನಮಗೆ ಒಂದೂವರೆ ಗಂಟೆ ಅವಕಾಶ. 2004ರಲ್ಲಿ ಠಾಣೆ-ವಾಶಿ ರೈಲುಮಾರ್ಗ ತೆರೆಯುವ ಮೊದಲು, ಕಲ್ಯಾಣದಿಂದ ನೆರೂಲಿನ ರೋಗಿಯೊಬ್ಬರನ್ನು ರೈಲಿನಲ್ಲಿ ನೋಡಿಬರಬೇಕಾದರೆ ಕುರ್ಲಾ ಸುತ್ತಬೇಕಾಗಿತ್ತು. ಅರ್ಧ ದಿನ ರೈಲಿಗೇ ಅರ್ಪಣೆ!

ದಣಿವು ದೊಡ್ಡ ಮಾತಲ್ಲ. ಮುಂಬಯಿಯಲ್ಲಿ ದಣಿಯದವರು ಯಾರು? ಮನಸ್ಸನ್ನು ಕುಂದಿಸುವುದು ಬೇರೆ. ಹಿರಿಯರಿಗೆ ಪ್ರಸಂಗ ಅಚ್ಚ ಕನ್ನಡದಲ್ಲಿರಬೇಕು; ಅವರ ಮೊಮ್ಮಕ್ಕಳಿಗೆ ಅದರಲ್ಲಿ ಅರ್ಧವೂ ತಿಳಿಯದು. ಮಕ್ಕಳಿಗಾಗಿ ಹಿಂದಿ ಬೆರೆಸಿದರೆ ಅಜ್ಜನ ಮುಖ ಗಂಟಾಗುತ್ತದೆ. ಚಿಕ್ಕ ವಯಸ್ಸಿನ ದಂಪತಿ ಒಂದೆರಡು ತಿಂಗಳು ಬಂದು, ಗಿಟಾರು-ಡ್ರಮ್ಮುಗಳಿರುವ ದೊಡ್ಡ ಇಂಗ್ಲಿಷ್ ಸಭೆಗೆ ಹೊರಟುಹೋಗುತ್ತಾರೆ. ಯಾರೂ ಜಗಳವಾಡಿ ಹೋಗುವುದಿಲ್ಲ, ಸುಮ್ಮನೆ ಬರುವುದಿಲ್ಲ. ತಿಂಗಳ ಕೊನೆಗೆ ಕಾಣಿಕೆ ಏಕೆ ಕಡಿಮೆಯೆಂದು ಸಮಿತಿಯಲ್ಲಿ ಪ್ರಶ್ನೆ ಬರುತ್ತದೆ. ಕೇಳುವವರು ಕೆಟ್ಟವರಲ್ಲ, ಬಾಡಿಗೆ ಕೊಡಬೇಕಲ್ಲ! ಆದರೂ ಆ ರಾತ್ರಿ ನಮಗೆ ನಿದ್ದೆ ಬರುವುದಿಲ್ಲ.

2020ರ ಮಾರ್ಚಿನಲ್ಲಿ ಲೋಕಲ್ ನಿಂತಿತು. ಮುಂದಿನ ಒಂದೂವರೆ ವರ್ಷ ನಮ್ಮ ಸೇವೆಯೆಲ್ಲ ಫೋನಿನಲ್ಲೇ. ಒಬ್ಬ ತಾಯಿಯ ಅಂತ್ಯಕ್ರಿಯೆಯ ದಿನ ಸ್ಮಶಾನದ ಗೇಟಿನ ಹೊರಗೆ ನಿಂತು ಪ್ರಾರ್ಥಿಸಿದೆವು; ಉಡುಪಿಯಲ್ಲಿದ್ದ ಮಗಳು ಅದನ್ನು ಫೋನಿನಲ್ಲಿ ನೋಡುತ್ತಿದ್ದಳು. ನಡುವೆ ಸಂಪರ್ಕ ಕಡಿದುಹೋಯಿತು. ಮತ್ತೆ ಸಿಕ್ಕಾಗ ಎಲ್ಲ ಮುಗಿದಿತ್ತು. “ಅಮ್ಮನ ಇಷ್ಟದ ಕೀರ್ತನೆ ಹಾಡಿದಿರಾ?” ಎಂದು ಕೇಳಿದಳು. ಹಾಡಿದ್ದೆವು, ಆದರೆ ಅವಳಿಗೆ ಕೇಳಿಸಿರಲಿಲ್ಲ. ಅಂಥ ಮನೆಗಳು ಐದಾದವು. ಬೇರೆಯವರಿಗೆ ಧೈರ್ಯ ಹೇಳಿ ಫೋನು ಕೆಳಗಿಟ್ಟ ಮೇಲೆ ನಮ್ಮಿಬ್ಬರಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಮಾತು ಉಳಿಯುತ್ತಿರಲಿಲ್ಲ. 2021ರ ಬೇಸಿಗೆಯಲ್ಲಿ ರಾಜೀನಾಮೆ ಪತ್ರ ಬರೆದು ಸಹಿಯನ್ನೂ ಹಾಕಿದ್ದಾಯಿತು.

ಆ ಪತ್ರವನ್ನು ಕಳಿಸಲಿಲ್ಲ, ಹರಿಯಲೂ ಇಲ್ಲ. ಆಗ ನಮ್ಮ ಪರಿಚಯದ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಸರಿಯಾಗಿ ಊಟ ಮಾಡುತ್ತೀರಾ, ನಿದ್ದೆ ಮಾಡುತ್ತೀರಾ? ಸತ್ಯವೇದದ ಎಲೀಯನ ಕಥೆ ನೆನಪಾಯಿತು. ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ, ರಾಣಿಯ ಬೆದರಿಕೆಗೆ ಅಂಜಿ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡುತ್ತಾನೆ. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಈ ಭಾಗವನ್ನು ನಾವು ಎಷ್ಟೋ ಸಲ ಪ್ರಸಂಗಿಸಿದ್ದೇವೆ. ಆ ರೊಟ್ಟಿಯ ಬೆಲೆ ತಿಳಿದದ್ದು ಮಾತ್ರ ಆ ಬೇಸಿಗೆಯಲ್ಲಿ.

ಇನ್ನೊಬ್ಬರು ನೆರವಿಗೆ ಬಂದರು. ನಿಘಂಟಿನ ಕಿಟೆಲರನ್ನು ಸಂಘದವರಿಗೆ ಪರಿಚಯಿಸಬೇಕಾಗಿಲ್ಲ. ಆದರೆ ಅವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದವರೆಂಬುದನ್ನು ನಾವು ಮರೆಯುತ್ತೇವೆ. ಅವರು ಭಾರತಕ್ಕೆ ಬಂದದ್ದು 1853ರಲ್ಲಿ. ಬೋರಿಬಂದರಿನಿಂದ ನಮ್ಮ ಠಾಣೆಗೆ ಮೊದಲ ರೈಲು ಓಡಿದ್ದೂ ಅದೇ ವರ್ಷ. ಮಿಷನ್ನಿನ ಒಳಗೂ ಅವರು ತುಸು ಒಂಟಿಯೇ. 1864ರಲ್ಲಿ ಹೆಂಡತಿ ಪೌಲಿನ್ ತೀರಿಕೊಂಡರು. ಊರಿಗೆ ಮರಳಿದ್ದವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗಾಗಿ ಮತ್ತೆ ಬಂದರು. ಸುಮಾರು 70,000 ಶಬ್ದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಭಾನುವಾರ ಬೆಂಚಿನಲ್ಲಿ ಎಷ್ಟು ತಲೆಗಳಿದ್ದವೆಂದು ಅವರನ್ನು ಇಂದು ಯಾರು ಕೇಳುತ್ತಾರೆ? ದಿನಕ್ಕೆ ನಾಲ್ಕು ಶಬ್ದ ಬರೆದಿಟ್ಟ ದಿನವೂ ಒಂದು ದಿನವೇ ಎಂದು ನಮಗೆ ನಾವೇ ಹೇಳಿಕೊಂಡೆವು. ಅವರ ಪಾಂಡಿತ್ಯದ ಧೂಳೂ ನಮ್ಮಲ್ಲಿಲ್ಲ, ಅದು ಬೇರೆ ಮಾತು.

ಬಳಿಕ ಕೆಲವು ಏರ್ಪಾಡುಗಳಾದವು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುವುದನ್ನು ಕಂಡು, ಕೆಲಸ ಹಂಚಿಕೊಡೆಂದು ಬುದ್ಧಿ ಹೇಳಿದವನು ಅವನ ಮಾವ ಇತ್ರೋ. ಮೋಶೆ ಮಾವನ ಮಾತು ಕೇಳಿದ. ಅಂಥ ಅಳಿಯಂದಿರು ಅಪರೂಪ! ಈಗ ಪನ್ವೇಲ್ ಕಡೆಯ ಮನೆಗಳನ್ನು ನಿವೃತ್ತ ಬ್ಯಾಂಕ್ ನೌಕರರೊಬ್ಬರು ನೋಡಿಕೊಳ್ಳುತ್ತಾರೆ. ಡೊಂಬಿವಲಿಯಲ್ಲಿ ಒಬ್ಬ ಶಿಕ್ಷಕಿ ಶನಿವಾರ ಸಂಜೆ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಮಕ್ಕಳು ಒಂಬತ್ತು ಮಂದಿ. ಅವರಲ್ಲಿ ಮೂವರು ನಮ್ಮ ಸಭೆಯವರಲ್ಲ, ಪಕ್ಕದ ಕಟ್ಟಡದ ಕನ್ನಡ ಮನೆಗಳಿಂದ ಬರುತ್ತಾರೆ. ಬರಲಿ.

ಸೋಮವಾರ ನಮಗೆ ರಜೆ. ತುರ್ತಿದ್ದರೆ ಮಾತ್ರ ಫೋನು; ಸಮಿತಿಯವರೂ ಒಪ್ಪಿದ್ದಾರೆ. ಸಂಜೆ ಠಾಣೆಯ ಮಾಸುಂದಾ ಕೆರೆಯ ದಂಡೆಯಲ್ಲಿ ಕುಳಿತು ಶೇಂಗಾ ತಿನ್ನುತ್ತೇವೆ. ಮಂಗಳವಾರ ಬೆಳಿಗ್ಗೆ ನೆರೂಲಿಗೆ ಹೋಗುವುದಿದೆ. ಅಲ್ಲಿಯ ಅಜ್ಜಿಯೊಬ್ಬರಿಗೆ ಕಣ್ಣು ಮಂಜಾಗಿ ಓದಲಾಗುತ್ತಿಲ್ಲ, ಎಲೀಯನ ಅಧ್ಯಾಯ ಓದಿ ಹೇಳಬೇಕಂತೆ.