ಕತ್ತಲೆಕಾನಿನಲ್ಲಿ ಒಂದು ಹಗಲು

ಹೊನ್ನಾವರದಿಂದ ಜೋಗದತ್ತ ಘಟ್ಟವೇರುವ ಪ್ರವಾಸಿಗನಿಗೆ ಜಲಪಾತವನ್ನು ಕಾಣುವ ಆತುರ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಹಳ್ಳಿ ದಾರಿಯಲ್ಲಿ ಬಂದು ಹೋದುದು ಅವನ ಗಮನಕ್ಕೇ ಬಾರದು. ನಾನೂ ಎರಡು ಬಾರಿ ಹಾಗೆ ದಾಟಿಹೋದವನೇ. ಮೂರನೆಯ ಬಾರಿ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು ಜತೆಗಿದ್ದರು. ಹಟಮಾಡಿ ನನ್ನನ್ನು ಅಲ್ಲಿಯೇ ಇಳಿಸಿದರು.

ಹೆಸರು ಅನ್ವರ್ಥವಾದುದು. ಕಾನಿನ ಒಳಹೊಕ್ಕೊಡನೆ ನಡುಹಗಲು ಮುಸ್ಸಂಜೆಯಾಯಿತು. ಕಾಲಡಿಯಲ್ಲಿ ಕಪ್ಪು ಕೆಸರು, ನಡುವೆ ತಣ್ಣನೆಯ ಕಿರುತೊರೆ. ಊರವರು ಇದಕ್ಕೆ ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಜಾಯಿಕಾಯಿಯ ಬಂಧುಗಳಾದ ಮರಗಳು ಇಲ್ಲಿ ಮಡಿಸಿದ ಮೊಣಕಾಲಿನಂತೆ ಬೇರುಗಳನ್ನು ಕೆಸರಿನಿಂದ ಮೇಲೆತ್ತಿವೆ. ಜೌಗುಮಣ್ಣಿನಲ್ಲಿ ದೊರೆಯದ ಗಾಳಿಯನ್ನು ಹೊರಗಿನಿಂದ ಪಡೆಯುವ ಉಪಾಯವಂತೆ ಅದು.

ಮಿತ್ರರು ಒಂದು ಮರದ ಮುಂದೆ ನಿಂತರು. ಅಗಸರು ಬಟ್ಟೆಗೆ ಗುರುತಿಡಲು ಬಳಸುತ್ತಿದ್ದ ಗೇರಿನ ಕುಲದ್ದು. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಇದನ್ನು ಹೊಸ ಜಾತಿಯೆಂದು ವರ್ಣಿಸಿ, ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ನಮ್ಮ ಹಳ್ಳಿಯೊಂದರ ಹೆಸರು ಲ್ಯಾಟಿನ್ ಪ್ರತ್ಯಯವನ್ನು ತೊಟ್ಟು ವಿದ್ವಾಂಸರ ಕೋಶವನ್ನು ಸೇರಿದುದಕ್ಕೆ ಕನ್ನಡದ ಮೇಷ್ಟರಾದ ನನಗೆ ಹಿಗ್ಗು.

“ಹಿಗ್ಗುವುದು ಆಮೇಲಾಗಲಿ. ಇದರಲ್ಲಿ ಗಂಡುಮರವೇ ಬೇರೆ, ಹೆಣ್ಣುಮರವೇ ಬೇರೆ. ಜೋಡಿ ತಪ್ಪಿದರೆ ಉಳಿಯುವುದು ಹೆಸರು ಮಾತ್ರ” ಎಂದರು ಮಿತ್ರರು.

ಅನಂತರದ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶೋಧಕರಿಗೆ ಇಲ್ಲಿ ಇನ್ನೆರಡು ಅಚ್ಚರಿಗಳು ಕಾದಿದ್ದವು. ಕೇರಳದವೆಂದೇ ತಿಳಿಯಲಾಗಿದ್ದ ಮಧೂಕ ಬೂರ್ಡಿಲೋನಿ ಹಾಗೂ ತಿರುವಾಂಕೂರಿನ ಹೆಸರನ್ನೇ ಹೊತ್ತ ನೇರಳೆಯ ಬಂಧು ಸೈಜೀಜಿಯಮ್ ಟ್ರಾವಂಕೋರಿಕಮ್, ಎರಡೂ ನೂರಾರು ಕಿಲೋಮೀಟರು ಉತ್ತರದ ಈ ಕಾನಿನಲ್ಲಿ ಕಂಡುಬಂದವು! ಹೇಗೆ ಬಂದವು? ಇಂಥ ಜೌಗಿನ ಮರಗಳ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಬಹುದೂರ ಪಯಣಿಸಲಾರದು. ಹಾಗಾದರೆ ಅವು ಬಂದುವಲ್ಲ, ಉಳಿದುವು. ಒಂದು ಕಾಲಕ್ಕೆ ಘಟ್ಟದುದ್ದಕ್ಕೂ ಹಬ್ಬಿದ್ದ ತೇವದ ಕಾಡಿನ ಹರಿದ ಹಾಳೆ ಇದು. ಹಳಗನ್ನಡದ ಓಲೆಗರಿಯೊಂದು ಕೈಗೆ ಸಿಕ್ಕಾಗಿನ ಅನುಭವ ನನಗಾಯಿತು.

ದಾರಿ ತೋರಿಸಲು ಬಂದಿದ್ದ ಅಡಕೆ ತೋಟದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. “ಈ ಜಡ್ಡಿ ಒಣಗಿದ್ರೆ ನಮ್ಮ ತೋಟನೂ ಒಣಗ್ತು ಮಾಸ್ತರೇ” ಎಂದರು. ಶಾಸ್ತ್ರದ ಸಾರವೇ ಆ ಮಾತಿನಲ್ಲಿತ್ತು. ತೊರೆಯನ್ನು ತಿರುಗಿಸಿ, ಕೆಸರನ್ನು ಬಸಿದು ಗದ್ದೆ ತೋಟಗಳನ್ನು ಮಾಡಿಕೊಂಡಿದ್ದರಿಂದಲೇ ಇಂಥ ಜಡ್ಡಿಗಳು ಎಷ್ಟೋ ಕಡೆ ಅಳಿದುವು.

2011ರಲ್ಲಿ ಈ ಸೀಮೆಯನ್ನು ಸಿಂಗಳೀಕಗಳ ಸಂರಕ್ಷಣಾ ಮೀಸಲೆಂದು ಸಾರಲಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಸೇರಿತು. ಸರಕಾರದ ಕಾಗದ ಕೊಡಲಿಯನ್ನು ತಡೆದೀತು. ನೀರನ್ನು ಉಳಿಸಬೇಕಾದವರು ಆಸುಪಾಸಿನ ಜನರೇ.

ಹೊರಡುವ ಮುನ್ನ ನೆಲದಲ್ಲಿ ಗೇಣುದ್ದದ ಸಸಿಯೊಂದು ಕಂಡಿತು. ತುಳಿಯದಂತೆ ಸುತ್ತಿ ಬಂದೆವು. ಅಂದು ಜೋಗವನ್ನು ನೋಡಲು ಹೊತ್ತು ಉಳಿಯಲಿಲ್ಲ.